ತೆಗೆದ ಗುರುವನ್ನು ಮರಳಿ ಕರೆಯುವುದು

ಒಂದು ಸಂಸ್ಥೆಯು ತಪ್ಪಿನ ಕಾರಣವಾಗಿ ತಾನೇ ಕೆಲಸದಿಂದ ತೆಗೆದ ಶಿಕ್ಷಕನನ್ನು ಕೆಲವು ವರ್ಷಗಳ ತರುವಾಯ ಅದೇ ಪೀಠಕ್ಕೆ ಮರಳಿ ಕರೆಯಬಹುದೆ? ಈ ಪ್ರಶ್ನೆಯು ಅಮೆರಿಕದ ಕಾಲೇಜುಗಳ ಬಾಸ್ಕೆಟ್‌ಬಾಲ್ ತಂಡಗಳ ವಿಷಯದಲ್ಲಿ ಪದೇ ಪದೇ ಏಳುತ್ತದೆ. ಅಲ್ಲಿ ಆಟದ ಶಿಕ್ಷಕನಿಗೆ ವಿದ್ಯಾಲಯದ ಅಧ್ಯಕ್ಷನಿಗಿಂತ ಹೆಚ್ಚಿನ ಕೀರ್ತಿಯೂ ಹೆಚ್ಚಿನ ಸಂಬಳವೂ ದೊರೆಯುವುದು ಅಪರೂಪವಲ್ಲ. ಆದುದರಿಂದ ವಾದವೂ ಬಿರುಸಾಗಿ ನಡೆಯುತ್ತದೆ. ಒಂದು ಪಕ್ಷದವರು “ಅವನು ಗೆಲ್ಲಿಸುತ್ತಾನೆ” ಎನ್ನುವರು. ಇನ್ನೊಂದು ಪಕ್ಷದವರು “ಅವನು ತಪ್ಪು ಮಾಡಿದವನು” ಎನ್ನುವರು. ಎರಡು ಮಾತುಗಳೂ ನಿಜವಾಗಿರಬಹುದು. ಎರಡೂ ನಿಜವಾದಾಗಲೇ ಧರ್ಮಸಂಕಟವು ಹುಟ್ಟುವುದು.

ದೂರದ ದೇಶದ ಆಟದ ಗೊಂದಲವು ಇಲ್ಲಿನವರಿಗೆ ಏತಕ್ಕೆ ಎಂದು ಕೇಳಬಹುದು. ಆದರೆ ಈ ಪ್ರಶ್ನೆಯು ಕನ್ನಡನಾಡಿನ ಬಾಗಿಲಿಗೂ ಬಂದಿತ್ತು. ಬಂದುದು ಬಹಳ ಹಿಂದೆಯೂ ಅಲ್ಲ. ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯ ಕೃಷಿಕ ಮನೆತನದಿಂದ ಬಂದ ಅಶ್ವಿನಿ ಅಕ್ಕುಂಜಿಯವರು 2010ನೆಯ ಇಸವಿಯ ಅಕ್ಟೋಬರಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ನಾಲ್ಕು ಮಂದಿಯ ರಿಲೇ ಓಟದಲ್ಲಿ ಚಿನ್ನವನ್ನು ಗೆದ್ದರು. 1958ರಲ್ಲಿ ಮಿಲ್ಖಾ ಸಿಂಗರು ಗೆದ್ದ ಮೇಲೆ ಆ ಕ್ರೀಡೆಗಳ ಓಟದ ಪಥದಲ್ಲಿ ಭಾರತಕ್ಕೆ ದೊರೆತ ಮೊದಲನೆಯ ಚಿನ್ನವು ಅದು. ಮುಂದಿನ ತಿಂಗಳೇ ಚೀನದ ಗ್ವಾಂಗ್‌ಝೌ ನಗರದ ಏಷ್ಯನ್ ಕ್ರೀಡೆಗಳಲ್ಲಿ ಅವರು 400 ಮೀಟರ್ ಹರ್ಡಲ್ಸ್ ಓಟದಲ್ಲಿಯೂ ರಿಲೇಯಲ್ಲಿಯೂ ಚಿನ್ನ ಪಡೆದರು. ಎರಡು ತಿಂಗಳೊಳಗೆ ಮೂರು ಚಿನ್ನದ ಪದಕಗಳು. ಆ ಓಟಗಾರ್ತಿಯರಿಗೆ ಶಿಕ್ಷಣ ಕೊಡುತ್ತಿದ್ದವರು ಯುಕ್ರೇನ್ ದೇಶದ ಯೂರಿ ಒಗರೋಡ್ನಿಕ್ ಎಂಬವರು.

2011ರ ಬೇಸಗೆ ಕಳೆಯುವಷ್ಟರಲ್ಲಿ ಚಿತ್ರವೆಲ್ಲ ತಲೆಕೆಳಗಾಯಿತು. ಅಶ್ವಿನಿಯವರೂ ಸೇರಿದಂತೆ ಆರು ಮಂದಿ ಓಟಗಾರ್ತಿಯರ ಮೂತ್ರಪರೀಕ್ಷೆಯಲ್ಲಿ ನಿಷಿದ್ಧವಾದ ಔಷಧದ ಅಂಶವು ಕಂಡುಬಂದಿತು. ಶಿಕ್ಷಕರು ತಂದುಕೊಟ್ಟ ಜಿನ್ಸೆಂಗ್ ಎಂಬ ಗಿಡಮೂಲಿಕೆಯ ಗುಳಿಗೆಗಳಿಂದ ಇದು ದೇಹವನ್ನು ಸೇರಿತೆಂದೂ, ತಾವು ತಿಳಿದು ಏನನ್ನೂ ಸೇವಿಸಲಿಲ್ಲವೆಂದೂ ಅವರು ಹೇಳಿದರು. ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ, ಜುಲೈ ತಿಂಗಳಿನಲ್ಲಿ, ಆಗಿನ ಕೇಂದ್ರ ಕ್ರೀಡಾ ಸಚಿವರಾಗಿದ್ದ ಅಜಯ್ ಮಾಕನ್‌ರು ಶಿಕ್ಷಕರನ್ನು ಕೆಲಸದಿಂದ ತೆಗೆದುಹಾಕಿದ ಸಂಗತಿಯನ್ನು ಪ್ರಕಟಿಸಿದರು. ನಿವೃತ್ತ ಮುಖ್ಯ ನ್ಯಾಯಾಧೀಶರಾದ ಮುಕುಲ್ ಮುದ್ಗಲ್‌ರ ವಿಚಾರಣೆಯು ಮುಗಿದು ವರದಿ ಬಂದದ್ದು ಆಮೇಲೆ. ಡಿಸೆಂಬರಿನಲ್ಲಿ ರಾಷ್ಟ್ರೀಯ ಶಿಸ್ತುಮಂಡಲಿಯು ಓಟಗಾರ್ತಿಯರ ಮಾತಿನಲ್ಲಿ ಹುರುಳಿದೆಯೆಂದು ಕಂಡು ಒಂದು ವರ್ಷದ ನಿಷೇಧವನ್ನಷ್ಟೇ ವಿಧಿಸಿತು. ಆದರೆ ಅಂತಾರಾಷ್ಟ್ರೀಯ ಅಥ್ಲೆಟಿಕ್ ಒಕ್ಕೂಟವು ಮೇಲ್ಮನವಿ ಹೋಯಿತು. 2012ರ ಜುಲೈಯಲ್ಲಿ ಕ್ರೀಡಾ ನ್ಯಾಯಮಂಡಲಿಯು ಆ ಶಿಕ್ಷೆಯನ್ನು ಎರಡು ವರ್ಷಗಳಿಗೆ ಏರಿಸಿತು. ಆ ವರ್ಷದ ಲಂಡನ್ ಒಲಿಂಪಿಕ್ಸ್ ಅವರೆಲ್ಲರ ಕೈತಪ್ಪಿ ಹೋಯಿತು.

ಇನ್ನು ಶಿಕ್ಷಕರ ವಿಷಯ. ಕೆಲವು ವರ್ಷಗಳೊಳಗಾಗಿ ಅವರನ್ನು ಭಾರತಕ್ಕೆ ಮರಳಿ ಕರೆಸಲಾಯಿತು. 2016ರ ರಿಯೋ ಒಲಿಂಪಿಕ್ಸಿಗೆ ಸಿದ್ಧತೆ ನಡೆಯುತ್ತಿದ್ದಾಗ ಮಹಿಳೆಯರ ರಿಲೇ ತಂಡವು ಮತ್ತೆ ಅವರ ಕೈಕೆಳಗೇ ಇದ್ದಿತು. ನಿಷೇಧದ ಅವಧಿ ತೀರಿದ ಮೇಲೆ ಅಶ್ವಿನಿಯವರೂ ಪಥಕ್ಕೆ ಹಿಂದಿರುಗಿದ್ದರು. ಹೀಗೆ ಗುರುವೂ ಬಂದರು, ಶಿಷ್ಯೆಯೂ ಬಂದರು. ಆದರೆ ಇಬ್ಬರೂ ಬಂದ ದಾರಿಯು ಒಂದೇ ಅಲ್ಲ. ಈ ವ್ಯತ್ಯಾಸದಲ್ಲಿಯೇ ವಿಚಾರದ ತಿರುಳಿದೆ.

ಶಿಷ್ಯೆಯನ್ನು ಕುರಿತು ನಿಯಮವು ಸಂದೇಹಕ್ಕೆ ಎಡೆಯಿಲ್ಲದಂತೆ ಇದೆ. ದೇಹದೊಳಗೆ ಏನು ಕಂಡುಬಂದರೂ ಅದಕ್ಕೆ ಆ ದೇಹದವರೇ ಹೊಣೆ. ಯಾರು ಕೊಟ್ಟರು, ತಿಳಿದು ಸೇವಿಸಿದರೆ ಅಥವಾ ತಿಳಿಯದೆ ಸೇವಿಸಿದರೆ ಎಂಬುದು ಶಿಕ್ಷೆಯ ಪ್ರಮಾಣವನ್ನು ಕುಗ್ಗಿಸಬಹುದೇ ಹೊರತು ತಪ್ಪನ್ನು ಇಲ್ಲವೆನಿಸಲಾರದು. ಈ ನಿಯಮವು ಕಠಿನವಾದರೂ ನಿಷ್ಕಾರಣವಲ್ಲ. ಪ್ರತಿಯೊಬ್ಬರ ಮನಸ್ಸಿನೊಳಕ್ಕೆ ಇಣಿಕಿ ನೋಡಲು ಯಾವ ಮಂಡಲಿಗೂ ಸಾಧ್ಯವಿಲ್ಲ. “ನನಗೆ ತಿಳಿಯದು” ಎಂಬ ಉತ್ತರವನ್ನು ಒಪ್ಪಿಬಿಟ್ಟರೆ ನಾಳೆ ಎಲ್ಲರೂ ಅದನ್ನೇ ಹೇಳುವರು. ಆದರೆ ಗುಳಿಗೆಯನ್ನು ಕೊಟ್ಟ ಕೈಗೆ ಇಷ್ಟು ಕಟ್ಟುನಿಟ್ಟಾದ ಹೊಣೆಯಿಲ್ಲ. ಕೊಟ್ಟವನಿಗೆ ಅದರ ಸ್ವರೂಪವು ತಿಳಿದಿತ್ತೆಂದು ಸಾಧಿಸಬೇಕು. ಸಾಧಿಸಲಾಗದಿದ್ದರೆ ಅವನು ದೋಷಿಯಲ್ಲ. ಎಂದರೆ ಅಜ್ಞಾನವು ಶಿಷ್ಯೆಗೆ ರಕ್ಷೆಯಾಗಲಿಲ್ಲ, ಗುರುವಿಗೆ ರಕ್ಷೆಯಾಗಬಲ್ಲುದು. ಒಗರೋಡ್ನಿಕ್‌ರು ತಿಳಿದು ಕೊಟ್ಟರೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಹಾಗೆ ಹೇಳುವುದು ನ್ಯಾಯವೂ ಅಲ್ಲ. ಹೊಣೆಯ ತಕ್ಕಡಿಯು ಎತ್ತ ವಾಲಿದೆಯೆಂಬುದನ್ನು ತೋರಿಸುವುದಷ್ಟೇ ಉದ್ದೇಶ.

ಈಗ ಮರಳಿ ಕರೆಯುವುದು ಯುಕ್ತವೆನ್ನುವವರ ಮಾತನ್ನು ಮೊದಲು ಕೇಳಬೇಕು. ಅವರ ವಾದಗಳು ನಾಲ್ಕು. ಮೊದಲನೆಯದು, ಮನುಷ್ಯನು ತಿದ್ದಿಕೊಳ್ಳಬಲ್ಲನು. ಒಂದು ತಪ್ಪಿಗಾಗಿ ಜನ್ಮಪೂರ್ತಿ ಬಾಗಿಲು ಮುಚ್ಚುವುದು ಕ್ರೌರ್ಯ. ಎರಡನೆಯದು, ಕೆಲಸವನ್ನು ಕಳೆದುಕೊಂಡದ್ದೇ ಶಿಕ್ಷೆ. ಶಿಕ್ಷೆಯನ್ನು ಅನುಭವಿಸಿದ ಮೇಲೆ ಸಾಲ ತೀರಿದಂತೆ. ಮೂರನೆಯದು, ವಿದ್ಯೆಯು ಅಪರೂಪವಾದ ವಸ್ತು. ಅದನ್ನು ಬಲ್ಲವನನ್ನು ಮನೆಯಲ್ಲಿ ಕೂರಿಸಿದರೆ ನಷ್ಟವು ಕಲಿಯುವವರಿಗೇ. ನಾಲ್ಕನೆಯದು, ದೋಷವು ಸಿದ್ಧವಾಗದಿದ್ದಲ್ಲಿ ತೆಗೆದುದೇ ತಪ್ಪು. ತಪ್ಪನ್ನು ಸರಿಪಡಿಸುವುದಕ್ಕೆ ಅಪ್ಪಣೆ ಏಕೆ ಬೇಕು?

ಈ ನಾಲ್ಕೂ ತಳ್ಳಿಹಾಕುವಂಥವಲ್ಲ. ಆದರೆ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳಲಾಗದೆಂಬುದನ್ನು ಗಮನಿಸಬೇಕು. ತಿದ್ದಿಕೊಂಡನೆನ್ನುವವರು ತಪ್ಪಿತ್ತೆಂದು ಒಪ್ಪಿದಂತಾಯಿತು. ದೋಷವೇ ಸಿದ್ಧವಾಗಲಿಲ್ಲವೆನ್ನುವವರು ತಿದ್ದಿಕೊಳ್ಳಲು ಏನೂ ಇರಲಿಲ್ಲವೆಂದು ಹೇಳಿದಂತಾಯಿತು. ಕ್ಷಮೆಯೂ ನಿರ್ದೋಷತ್ವವೂ ಬೇರೆ ಬೇರೆ. ನಿರ್ದೋಷಿಗೆ ಕ್ಷಮೆಯನ್ನು ನೀಡುವುದು ಅವಮಾನ. ದೋಷಿಯನ್ನು ನಿರ್ದೋಷಿಯೆಂದು ಕರೆಯುವುದು ಸುಳ್ಳು. ಸಂಸ್ಥೆಗಳು ಸಾಮಾನ್ಯವಾಗಿ ಇವೆರಡರ ನಡುವೆ ಎಲ್ಲಿಯೂ ನಿಲ್ಲದೆ, ಯಾರು ಕೇಳಿದರೆ ಯಾವುದು ಅನುಕೂಲವೋ ಅದನ್ನು ಹೇಳುತ್ತವೆ. ಪ್ರಶ್ನೆಯು ಬಿಡಿಸಲಾರದಂತೆ ತೋರುವುದಕ್ಕೆ ಇದೇ ಮುಖ್ಯವಾದ ಕಾರಣ.

ತೆಗೆದುಹಾಕುವುದರಲ್ಲಿಯೂ ಎರಡು ಬಗೆಗಳುಂಟು. ವಿಚಾರಿಸಿ, ದೋಷವನ್ನು ಕಂಡು, ಕಾರಣವನ್ನು ಹೇಳಿ ತೆಗೆಯುವುದು ಒಂದು. ಊರಿನ ಕೋಪವನ್ನು ತಣಿಸುವುದಕ್ಕಾಗಿ ತೆಗೆಯುವುದು ಮತ್ತೊಂದು. ಎರಡನೆಯ ರೀತಿಯಲ್ಲಿ ತೆಗೆದವನು ಶಿಕ್ಷೆಯನ್ನು ಅನುಭವಿಸಿದನೆಂದು ಹೇಳಬರುವುದಿಲ್ಲ, ಅವನು ಬಲಿಯಾದನು. ಕೋಪವು ತಣಿದ ಮೇಲೆ ಅವನನ್ನು ಸದ್ದಿಲ್ಲದೆ ಮರಳಿ ಕರೆಯುವುದು ಸುಲಭ. ಏಕೆಂದರೆ ಕೋಪವೇ ಕಾರಣವಾಗಿದ್ದಲ್ಲಿ ಕೋಪವಿಲ್ಲದಿರುವುದೇ ಮರಳಿ ಕರೆಯಲು ಸಾಕಾದ ಕಾರಣ. ಹೀಗೆ ಮಾಡುವ ಸಂಸ್ಥೆಯು ಒಂದೇ ತಪ್ಪನ್ನು ಎರಡು ಸಲ ಮಾಡುತ್ತದೆ. ತೆಗೆಯುವಾಗ ಏನು ನಡೆಯಿತೆಂದು ತಿಳಿಯುವ ಮೊದಲೇ ತೆಗೆಯಿತು. ಕರೆಯುವಾಗಲೂ ಏನು ನಡೆದಿತ್ತೆಂದು ಹೇಳದೆಯೇ ಕರೆಯಿತು. ಇದರಿಂದ ಶಿಕ್ಷಕನಿಗೂ ನ್ಯಾಯವಾಗುವುದಿಲ್ಲ. ಅವನು ನಿಜವಾಗಿ ನಿರಪರಾಧಿಯಾಗಿದ್ದರೆ ಅವನಿಗೆ ಬೇಕಾದುದು ಉದ್ಯೋಗವಷ್ಟೇ ಅಲ್ಲ; ತನ್ನ ಹೆಸರಿನ ಮೇಲಿದ್ದ ಕಲೆಯು ಒರಸಿಹೋಯಿತೆಂದು ಎಲ್ಲರ ಎದುರಿಗೆ ಹೇಳುವ ಒಂದು ವಾಕ್ಯ. ಆ ವಾಕ್ಯವಿಲ್ಲದೆ ಕೊಟ್ಟ ಉದ್ಯೋಗವು ಅವನನ್ನು ಸಂದೇಹದೊಡನೆಯೇ ಬಾಳುವಂತೆ ಮಾಡುತ್ತದೆ.

ಎಲ್ಲ ತಪ್ಪುಗಳೂ ಒಂದೇ ಜಾತಿಯವಲ್ಲ ಎಂಬುದನ್ನೂ ನೆನೆಯಬೇಕು. 2018ರ ನವೆಂಬರಿನಲ್ಲಿ ಮಹಿಳೆಯರ ಇಪ್ಪತ್ತು ಓವರುಗಳ ಕ್ರಿಕೆಟ್ ವಿಶ್ವಕಪ್ಪಿನ ಉಪಾಂತ್ಯದಲ್ಲಿ ಹಿರಿಯ ಆಟಗಾರ್ತಿಯಾದ ಮಿಥಾಲಿ ರಾಜ್‌ರನ್ನು ಹೊರಗಿಡಲಾಯಿತು; ಭಾರತವು ಇಂಗ್ಲೆಂಡಿನೆದುರು ಎಂಟು ವಿಕೆಟುಗಳಿಂದ ಸೋತಿತು. ಶಿಕ್ಷಕರಾಗಿದ್ದ ರಮೇಶ್ ಪೊವಾರ್‌ರ ನಡತೆಯನ್ನು ಕುರಿತು ಮಿಥಾಲಿಯವರು ಮಂಡಲಿಗೆ ಬರೆದರು. ಪೊವಾರ್‌ರೂ ತಮ್ಮ ಮಾತನ್ನು ತಿಳಿಸಿದರು. ಆ ತಿಂಗಳ ಕೊನೆಗೆ ಅವರ ಅವಧಿಯು ಮುಗಿಯಿತು, ಮುಂದುವರಿಯಲಿಲ್ಲ. ತಂಡದ ನಾಯಕಿ ಹರ್ಮನ್‌ಪ್ರೀತ್ ಕೌರ್ ಮತ್ತು ಸ್ಮೃತಿ ಮಂಧಾನಾ ಅವರೇ ಇರಬೇಕೆಂದು ಬರೆದರು. ಡಿಸೆಂಬರಿನಲ್ಲಿ ಡಬ್ಲ್ಯು. ವಿ. ರಾಮನ್‌ರು ನೇಮಕವಾದರು, 2021ರ ಮೇ ತಿಂಗಳಲ್ಲಿ ಮತ್ತೆ ಪೊವಾರ್‌ರೇ ಬಂದರು. ಇಲ್ಲಿದ್ದ ವಿವಾದವು ಆಟದ ವಿವೇಚನೆಯದು, ಮನಸ್ಸುಗಳ ಹೊಂದಿಕೆಯದು. ಶಿಷ್ಯರೇ ಎರಡು ಪಾಲಾಗಿ ಬಹಿರಂಗವಾಗಿ ಮಾತನಾಡಿದರು. ಇಂಥಲ್ಲಿ ಮರಳಿ ಕರೆಯುವುದು ಒಪ್ಪಬಹುದಾದ ಮಾತು. ಮನಸ್ಸುಗಳು ಮತ್ತೆ ಹೊಂದಬಹುದು, ವಿವೇಚನೆಯು ಬಲಿಯಬಹುದು. ಆದರೆ ಶಿಷ್ಯರ ದೇಹಕ್ಕೂ ಕೀರ್ತಿಗೂ ಹಾನಿಯಾದ ಸಂದರ್ಭವನ್ನು ಇದರೊಡನೆ ಒಂದೇ ಅಳತೆಯಿಂದ ಅಳೆಯಲಾಗದು.

ಶಿಕ್ಷಕನ ತಪ್ಪಿಗೆ ಇತರ ನೌಕರನ ತಪ್ಪಿಗಿಲ್ಲದ ಒಂದು ಲಕ್ಷಣವುಂಟು. ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಿನ ಹಿರೇಹಳ್ಳಿಯಲ್ಲಿ ತೋಟಗಾರಿಕೆಯ ಪ್ರಯೋಗ ಕೇಂದ್ರವೊಂದಿದೆ. ಗುಬ್ಬಿ ತಾಲೂಕಿನ ಚೇಳೂರಿನ ರೈತರೊಬ್ಬರ ತೋಟದಲ್ಲಿದ್ದ ಕೆಂಪು ತೊಳೆಯ ಹಲಸಿನ ಮರವೊಂದನ್ನು ಗುರುತಿಸಿ, ‘ಸಿದ್ದು’ ಎಂಬ ಹೆಸರಿನಿಂದ ಅದರ ಕಸಿ ಸಸಿಗಳು ನಾಡಿನ ನಾನಾ ಕಡೆಗೆ ಹೋಗುವಂತೆ ಮಾಡಿದವರು ಅಲ್ಲಿನ ವಿಜ್ಞಾನಿಗಳು. ಕಸಿಯ ಕೆಲಸವನ್ನು ಬಲ್ಲವರಿಗೆ ತಾಯಿಮರದ ಆಯ್ಕೆಯೇ ಎಲ್ಲಕ್ಕಿಂತ ದೊಡ್ಡದು. ತೋಟದ ಒಂದು ಮರಕ್ಕೆ ರೋಗ ತಗುಲಿದರೆ ನಷ್ಟವು ಒಂದು ಮರದ್ದು. ಕಸಿಯ ಕಡ್ಡಿಯನ್ನು ಕೊಡುವ ತಾಯಿಮರದಲ್ಲಿ ದೋಷವಿದ್ದರೆ ಅದು ಕಾಣದಂತೆ ನೂರಾರು ಸಸಿಗಳೊಡನೆ ನೂರಾರು ತೋಟಗಳಿಗೆ ಹೋಗುತ್ತದೆ. ಗುಮಾಸ್ತನು ಲೆಕ್ಕವನ್ನು ತಪ್ಪಿದರೆ ಪುಟವನ್ನು ತಿದ್ದಬಹುದು. ಶಿಕ್ಷಕನು ತಪ್ಪಿದರೆ ಆ ತಪ್ಪು ಶಿಷ್ಯರ ರೂಢಿಯಾಗಿ, ಮುಂದೆ ಅವರು ಶಿಕ್ಷಕರಾದಾಗ ಅವರ ಶಿಷ್ಯರ ರೂಢಿಯಾಗಿ ಬೆಳೆಯುತ್ತದೆ. ಆದುದರಿಂದ “ಬೇರೆ ಉದ್ಯೋಗದವರನ್ನು ಕ್ಷಮಿಸಿ ಮರಳಿ ಸೇರಿಸಿಕೊಳ್ಳುವುದಿಲ್ಲವೆ?” ಎಂಬ ಹೋಲಿಕೆಯು ಇಲ್ಲಿ ಪೂರ್ತಿಯಾಗಿ ನಿಲ್ಲುವುದಿಲ್ಲ.

ಮತ್ತೊಂದು ಲಕ್ಷಣವು ವಿಶ್ವಾಸದ್ದು. ಹದಿನೈದು ಹದಿನಾರು ವರ್ಷದ ಹುಡುಗಿಯು ಹಳ್ಳಿಯಿಂದ ಕ್ರೀಡಾ ವಸತಿನಿಲಯಕ್ಕೆ ಹೋದರೆ ಅವಳಿಗೆ ಅಲ್ಲಿ ತಾಯಿಯೂ ತಂದೆಯೂ ಶಿಕ್ಷಕರೇ. ಎಷ್ಟು ಗಂಟೆಗೆ ಏಳಬೇಕು, ಏನು ಉಣ್ಣಬೇಕು, ನೋವಿದ್ದಾಗ ಓಡಬೇಕೇ ಬೇಡವೇ ಎಂಬುದೆಲ್ಲ ಅವರ ಮಾತಿನ ಮೇಲೆ ನಿಲ್ಲುತ್ತದೆ. ಕೊಟ್ಟ ಗುಳಿಗೆಯನ್ನು ಪರೀಕ್ಷೆಗೆ ಕಳುಹಿಸಿ ಆಮೇಲೆ ನುಂಗುವ ಶಿಷ್ಯೆಯು ಎಲ್ಲಿಯೂ ಇಲ್ಲ. ಹಾಗೆ ಮಾಡಿದರೆ ಅವಳನ್ನು ಅವಿಧೇಯಳೆನ್ನುವರು. ನಿಯಮವು ಅವಳ ಮೇಲೆ ಪೂರ್ಣವಾದ ಹೊಣೆಯನ್ನು ಹೊರಿಸುತ್ತದೆ, ರೂಢಿಯು ಅವಳಿಂದ ಪೂರ್ಣವಾದ ವಿಧೇಯತೆಯನ್ನು ಕೇಳುತ್ತದೆ. ಈ ಎರಡು ಕಲ್ಲುಗಳ ನಡುವೆ ಸಿಕ್ಕಿದವಳಿಗೆ ಉಳಿದಿರುವ ರಕ್ಷೆಯೆಂದರೆ ಶಿಕ್ಷಕನ ಎಚ್ಚರವೊಂದೇ. ಆದಕಾರಣ ಶಿಕ್ಷಕನು ಕೇಡನ್ನು ಬಗೆಯಲಿಲ್ಲವೆಂದರೆ ಸಾಲದು. ಎಚ್ಚರ ತಪ್ಪಿದನೆ ಎಂಬುದನ್ನೂ ಕೇಳಲೇಬೇಕು.

ಇದನ್ನು ಲೋಕವು ಸ್ವಲ್ಪ ಮಟ್ಟಿಗೆ ಕಂಡುಕೊಂಡಿದೆ. 2015ರಲ್ಲಿ ಜಾರಿಗೆ ಬಂದ ವಿಶ್ವ ಉದ್ದೀಪನೌಷಧ ನಿಗ್ರಹ ಸಂಹಿತೆಯಲ್ಲಿ, ಒಬ್ಬ ಶಿಕ್ಷಕನ ಕೈಕೆಳಗಿನ ಒಬ್ಬರಿಗಿಂತ ಹೆಚ್ಚು ಮಂದಿ ಸಿಕ್ಕಿಬಿದ್ದರೆ ಶಿಕ್ಷಕನನ್ನು ತಾನಾಗಿಯೇ ವಿಚಾರಿಸತಕ್ಕುದೆಂದು ವಿಧಿಸಲಾಯಿತು. ನಿಷೇಧಕ್ಕೊಳಗಾದ ಶಿಕ್ಷಕನೊಡನೆ ಕ್ರೀಡಾಪಟುಗಳು ಕೆಲಸ ಮಾಡಬಾರದೆಂಬ ನಿಯಮವೂ ಆಗಲೇ ಬಂದಿತು. 2011ರಲ್ಲಿ ಇವೆರಡೂ ಇರಲಿಲ್ಲ. ಅಂದಿನ ಆರು ಮಂದಿಗೆ ಇದರಿಂದ ಪ್ರಯೋಜನವಾಗದಿದ್ದರೂ ಅಂಥವರ ಸಂಕಟದಿಂದ ಕಲಿಯತಕ್ಕ ಪಾಠವೇನೆಂಬುದನ್ನು ಈ ನಿಯಮಗಳು ಹೇಳುತ್ತವೆ.

ಹೀಗಿರುವಲ್ಲಿ ಕ್ಷಮಿಸುವ ಅಧಿಕಾರವು ಯಾರದು? ಕ್ಷಮೆಯನ್ನು ಕೊಡಬಲ್ಲವನು ನೊಂದವನೇ ಹೊರತು ನೊಂದವನ ಪರವಾಗಿ ಇನ್ನೊಬ್ಬನಲ್ಲ. ಪಕ್ಕದ ಮನೆಯವನ ಸಾಲವನ್ನು ಮನ್ನಾ ಮಾಡುವ ಔದಾರ್ಯವು ಔದಾರ್ಯವಲ್ಲ. ಸಂಸ್ಥೆಗೆ ಹೆಸರು ಕೆಟ್ಟಿದ್ದರೆ ತನ್ನ ಹೆಸರಿನ ಮಟ್ಟಿಗೆ ಅದು ಕ್ಷಮಿಸಬಹುದು. ಎರಡು ವರ್ಷಗಳನ್ನೂ ಒಂದು ಒಲಿಂಪಿಕ್ಸನ್ನೂ ಕಳೆದುಕೊಂಡವರ ಪರವಾಗಿ ಕ್ಷಮಿಸಲು ಅದಕ್ಕೆ ಹಕ್ಕಿಲ್ಲ. ಆದುದರಿಂದ ಮರಳಿ ಕರೆಯುವ ಮೊದಲು ಅವರನ್ನು ಕೇಳಬೇಕು. ಹಾಗೆಂದು ನಿರ್ಣಯವನ್ನು ಅವರ ತಲೆಯ ಮೇಲೆಯೇ ಹೊರಿಸಲೂಬಾರದು. ನೊಂದವರನ್ನು ನ್ಯಾಯಾಧೀಶರನ್ನಾಗಿ ಮಾಡುವುದು ಅವರಿಗೆ ಮತ್ತೊಂದು ಭಾರ. ಅವರ ಮಾತನ್ನು ಮೊದಲು ಕೇಳುವುದು, ನಿರ್ಣಯದ ಹೊಣೆಯನ್ನು ತಾನು ಹೊರುವುದು, ಇದು ಸಂಸ್ಥೆಯ ಕರ್ತವ್ಯ.

ಮೂರನೆಯ ವಾದವಾದ ವಿದ್ಯೆಯ ಅಪರೂಪತೆಯನ್ನು ಈಗ ನೋಡಬಹುದು. ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾನಿಲಯದ ಬಾಸ್ಕೆಟ್‌ಬಾಲ್ ಶಿಕ್ಷಕನಾಗಿದ್ದ ಬ್ರೂಸ್ ಪರ್ಲ್ ಎಂಬವನು ತನ್ನ ಮನೆಯಲ್ಲಿ ನಡೆದ ಔತಣವೊಂದರ ವಿಷಯದಲ್ಲಿ ವಿಚಾರಣಾಧಿಕಾರಿಗಳಿಗೆ ಸುಳ್ಳು ಹೇಳಿದನು, ಆಮೇಲೆ ಒಪ್ಪಿಕೊಂಡನು. 2011ರಲ್ಲಿ ಅವನನ್ನು ತೆಗೆಯಲಾಯಿತು. ಕಾಲೇಜು ಕ್ರೀಡೆಗಳ ಆಡಳಿತ ಮಂಡಲಿಯು ಮೂರು ವರ್ಷಗಳ ನಿರ್ಬಂಧವನ್ನು ವಿಧಿಸಿತು. ಆ ಅವಧಿಯು ಮುಗಿಯುವುದಕ್ಕೆ ಕೆಲವು ತಿಂಗಳುಗಳಿರುವಾಗಲೇ, 2014ರಲ್ಲಿ, ಆಬರ್ನ್ ಎಂಬ ಬೇರೊಂದು ವಿಶ್ವವಿದ್ಯಾನಿಲಯವು ಅವನನ್ನು ಕರೆದುಕೊಂಡಿತು. 2019ರಲ್ಲಿ ಅವನ ತಂಡವು ಆ ವಿದ್ಯಾಲಯದ ಚರಿತ್ರೆಯಲ್ಲಿ ಮೊದಲನೆಯ ಸಲ ರಾಷ್ಟ್ರದ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಯಿತು. ಈ ಪ್ರಸಂಗದಲ್ಲಿ ಮೆಚ್ಚತಕ್ಕುದೂ ಇದೆ, ಶಂಕಿಸತಕ್ಕುದೂ ಇದೆ. ತಪ್ಪೇನೆಂದು ಎಲ್ಲರಿಗೂ ತಿಳಿದಿತ್ತು, ಮಾಡಿದವನು ಒಪ್ಪಿದ್ದನು, ಶಿಕ್ಷೆಗೆ ಗೊತ್ತಾದ ಅವಧಿಯಿದ್ದಿತು: ಇವು ಮೆಚ್ಚತಕ್ಕವು. ಆದರೆ ಅವನನ್ನು ಕರೆದುದು ಸರಿಯೆಂದು ಹೇಳಿದವರಲ್ಲಿ ಹಲವರು ತೋರಿಸಿದ ಆಧಾರವು ಗೆಲುವು. ಅವನ ತಂಡವು ಸೋಲುತ್ತಲೇ ಹೋಗಿದ್ದರೆ ಅದೇ ಜನರು ಅವನ ಹಳೆಯ ಸುಳ್ಳನ್ನು ನೆನಪಿಸದೆ ಬಿಡುತ್ತಿದ್ದರೆ? ಗೆದ್ದಾಗ ಮರೆಯುವ, ಸೋತಾಗ ನೆನೆಯುವ ತಪ್ಪನ್ನು ಯಾರೂ ನಿಜವಾಗಿ ತೂಗಿಲ್ಲ. ಗೆಲುವು ವಿದ್ಯೆಗೆ ಸಾಕ್ಷಿಯಾಗಬಲ್ಲುದು; ನಡತೆಗೆ ಸಾಕ್ಷಿಯಾಗಲಾರದು.

ಅದೇ ದೇಶದ ಇಂಡಿಯಾನಾ ವಿಶ್ವವಿದ್ಯಾನಿಲಯದ ಬಾಬ್ ನೈಟ್ ಎಂಬವನ ಕಥೆಯು ಬೇರೊಂದು ದಾರಿಯನ್ನು ತೋರಿಸುತ್ತದೆ. 1976, 1981, 1987ರಲ್ಲಿ ಮೂರು ಸಲ ರಾಷ್ಟ್ರಪ್ರಶಸ್ತಿಯನ್ನು ಗೆಲ್ಲಿಸಿದ ಅವನನ್ನು ಉಗ್ರಕೋಪದ ನಡತೆಯ ಕಾರಣದಿಂದ 2000ದಲ್ಲಿ ತೆಗೆದರು. ಮರುವರ್ಷವೇ ಬೇರೆ ವಿದ್ಯಾಲಯವು ಅವನಿಗೆ ಕೆಲಸ ಕೊಟ್ಟಿತು. ಇಂಡಿಯಾನಾ ಅವನಿಗೆ ಮತ್ತೆ ಪೀಠವನ್ನು ಕೊಡಲಿಲ್ಲ. ಇಪ್ಪತ್ತು ವರ್ಷಗಳ ತರುವಾಯ, 2020ರ ಫೆಬ್ರವರಿಯಲ್ಲಿ, ಮುದುಕನಾದ ಅವನು ಹಳೆಯ ಶಿಷ್ಯರ ನಡುವೆ ಆ ಆಟದ ಮನೆಗೆ ಅತಿಥಿಯಾಗಿ ಬಂದನು. ಜನರು ಎದ್ದು ನಿಂತು ಗೌರವಿಸಿದರು. 2023ರಲ್ಲಿ ಅವನು ತೀರಿಕೊಂಡನು. ಇಲ್ಲಿ ಮನಸ್ಸುಗಳು ಕೂಡಿದುವು, ಅಧಿಕಾರವು ಮಾತ್ರ ಮರಳಲಿಲ್ಲ. ಕ್ಷಮೆ ಮತ್ತು ಪುನರ್ನೇಮಕ ಒಂದೇ ಎಂದು ತಿಳಿಯುವವರು ಈ ಭೇದವನ್ನು ಗಮನಿಸಬೇಕು. ಒಬ್ಬನನ್ನು ಮನಸ್ಸಿನಲ್ಲಿ ಕ್ಷಮಿಸಿ, ಮನೆಗೆ ಕರೆದು, ಊಟಕ್ಕೆ ಕೂರಿಸಿ, ಆದರೂ ಮನೆಯ ಮಕ್ಕಳನ್ನು ಅವನ ವಶಕ್ಕೆ ಕೊಡದಿರಬಹುದು. ಇದರಲ್ಲಿ ದ್ವೇಷವೂ ಇಲ್ಲ, ವಿರೋಧವೂ ಇಲ್ಲ. ಕ್ಷಮೆಯು ಕಳೆದುಹೋದುದನ್ನು ಕುರಿತದ್ದು. ನೇಮಕವು ಮುಂದೆ ಬರುವವರನ್ನು ಕುರಿತದ್ದು.

ಗುರುವನ್ನು ವಿಚಾರಿಸುವುದೇ ಅಪಚಾರವೆಂದು ಹಿಂಜರಿಯುವವರೂ ಇದ್ದಾರೆ. ಆದರೆ ಮಹಾಭಾರತದ ಭೀಷ್ಮನು ಅಂಬೆಯ ಪ್ರಸಂಗದಲ್ಲಿ ತನ್ನ ಗುರುವಾದ ಪರಶುರಾಮನೊಡನೆ ಯುದ್ಧಮಾಡಿದನು; ಮಾಡಿಯೂ ಅವನಲ್ಲಿದ್ದ ಗೌರವವನ್ನು ಬಿಡಲಿಲ್ಲ. ದ್ರೋಣನಂಥ ಆಚಾರ್ಯನು ಏಕಲವ್ಯನ ಹೆಬ್ಬೆರಳನ್ನು ಕೇಳಿದುದನ್ನು ಪುರಾಣವು ಮುಚ್ಚಿಡಲಿಲ್ಲ. ಶಿಷ್ಯನ ಭಕ್ತಿಯು ಎಷ್ಟು ದೊಡ್ಡದೋ ಗುರುವಿನ ಹೊಣೆಯೂ ಅಷ್ಟೇ ದೊಡ್ಡದೆಂದು ಓದಿದವರಿಗೆ ತಿಳಿಯಲೆಂದೇ ಉಳಿಸಿತು. ಗೌರವವೂ ವಿಚಾರಣೆಯೂ ಒಟ್ಟಿಗೆ ಇರಲಾರವೆಂಬುದು ಈ ನಾಡಿನ ಹಳೆಯ ತಿಳಿವಳಿಕೆಯಲ್ಲ.

ತೆಗೆದುದನ್ನು ಮರಳಿ ಕೊಡುವ ರೀತಿಗೆ ಮೈಸೂರಿನ ಚರಿತ್ರೆಯಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. 1831ರಲ್ಲಿ ಇಂಗ್ಲಿಷರು ದುರಾಡಳಿತದ ಆಪಾದನೆಯ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ರಾಜ್ಯಭಾರವನ್ನು ತೆಗೆದುಕೊಂಡರು. ಆಪಾದನೆಗಳಲ್ಲಿ ಅತಿಶಯವಿತ್ತೆಂಬುದು ಅನಂತರದ ವಿಚಾರಣೆಯಲ್ಲಿ ಕಂಡುಬಂದಿತು; ಆದರೂ ಅರಸರು ಮನವಿಗಳನ್ನು ಸಲ್ಲಿಸುತ್ತಲೇ ಇದ್ದು 1868ರಲ್ಲಿ ತೀರಿಕೊಂಡರು. ರಾಜ್ಯವು 1881ರ ಮಾರ್ಚಿ 25ರಂದು ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರ ಕೈಸೇರಿತು. ಮೊದಲು ತೆಗೆದು ಆಮೇಲೆ ವಿಚಾರಿಸಿದುದರ ಫಲವನ್ನು ಒಬ್ಬ ಅರಸರು ಬಾಳೆಲ್ಲ ಅನುಭವಿಸಿದರು. ಇದು ಆ ಕಥೆಯ ಅನ್ಯಾಯದ ಮುಖ. ಮರಳಿ ಕೊಟ್ಟಾಗ ನಡೆದ ಕ್ರಮವು ಬೇರೆ. ಷರತ್ತುಗಳೆಲ್ಲವನ್ನೂ ಹಸ್ತಾಂತರ ಪತ್ರದಲ್ಲಿ ಬರೆದಿಟ್ಟರು. ಅದೇ ವರ್ಷ ದಿವಾನ್ ರಂಗಾಚಾರ್ಲುರವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯು ಕೂಡಿತು. ಅಧಿಕಾರವು ಮರಳಿದೊಡನೆಯೇ ಅಧಿಕಾರಕ್ಕೆ ಒಳಗಾದವರು ಮಾತನಾಡುವುದಕ್ಕೆ ಒಂದು ಸ್ಥಳವೂ ಏರ್ಪಟ್ಟಿತು. ಹೊರಗಿನವರ ಷರತ್ತುಗಳು ನ್ಯಾಯವಾಗಿದ್ದುವೆ ಎಂಬುದು ಬೇರೆ ವಿಚಾರ. ಅಧಿಕಾರವನ್ನು ಮರಳಿ ಕೊಡುವುದು ಪಡೆಯುವವನ ತೃಪ್ತಿಗಾಗಿ ಮಾತ್ರವಲ್ಲ, ಅದರ ಕೆಳಗೆ ಬಾಳುವವರ ಕ್ಷೇಮಕ್ಕಾಗಿ ಎಂಬ ತತ್ತ್ವವು ಮಾತ್ರ ಕಾಲೇಜಿನ ಆಟದ ಬಯಲಿಗೂ ಅನ್ವಯಿಸತಕ್ಕುದು.

ಇಷ್ಟನ್ನೂ ಕೂಡಿಸಿ ನೋಡಿದರೆ ಸಿದ್ಧಾಂತವು ಹೀಗೆ ಏರ್ಪಡುತ್ತದೆ. ತೆಗೆದ ಶಿಕ್ಷಕನನ್ನು ಎಂದೆಂದಿಗೂ ಕರೆಯಬಾರದೆಂಬ ನಿಯಮವು ಸರಿಯಲ್ಲ. ಅದು ಮನುಷ್ಯನು ಬದಲಾಗಲಾರನೆಂದು ಮೊದಲೇ ತೀರ್ಪು ಕೊಟ್ಟಂತೆ. ಆದರೆ ಕರೆಯುವ ಮೊದಲು ನಾಲ್ಕು ಕೆಲಸಗಳು ಆಗಿರಬೇಕು. ಏನು ನಡೆಯಿತೆಂಬುದನ್ನು ವಿಚಾರಿಸಿ ಬರವಣಿಗೆಯಲ್ಲಿ ಪ್ರಕಟಿಸಿರಬೇಕು; ನಿರ್ದೋಷಿಯಾದರೆ ಹಾಗೆಂದು, ದೋಷಿಯಾದರೆ ಹಾಗೆಂದು. ದೋಷವಿದ್ದಲ್ಲಿ ಅದನ್ನು ಅವನು ತನ್ನ ಬಾಯಿಂದಲೇ ಒಪ್ಪಿರಬೇಕು. ಒಪ್ಪದವನು ತಿದ್ದಿಕೊಂಡನೆಂಬ ಮಾತಿಗೆ ಅರ್ಥವಿಲ್ಲ. ನೊಂದವರ ಮಾತನ್ನು ಕೇಳಿ, ಅವರಿಗೆ ಮರಳುವ ದಾರಿಯನ್ನು ಗುರುವಿಗಿಂತ ಮೊದಲೇ ತೆರೆದಿರಬೇಕು. ಕೊನೆಯದಾಗಿ, ಮೊದಲು ಯಾವ ಸಂದಿಯಿಂದ ಕೇಡು ನುಗ್ಗಿತೋ ಆ ಸಂದಿಯನ್ನು ಮುಚ್ಚಿರಬೇಕು: ಔಷಧವನ್ನು ಕೊಡುವವನು ವೈದ್ಯನಾಗಲಿ, ಶಿಕ್ಷಕನಲ್ಲ, ದೂರನ್ನು ಕೇಳುವವನು ಶಿಕ್ಷಕನ ಕೈಕೆಳಗಿನವನಲ್ಲದಿರಲಿ.

ಇಷ್ಟು ಬಿಗಿಯಾದರೆ ಒಳ್ಳೆಯ ಶಿಕ್ಷಕರೇ ದೊರೆಯಲಾರರು ಎಂಬ ಆಕ್ಷೇಪವು ಬರಬಹುದು. ಅದಕ್ಕೆ ಸಮಾಧಾನವಿದೆ. ಈ ಷರತ್ತುಗಳಲ್ಲಿ ಮೂರು ಸಂಸ್ಥೆಯ ಮೇಲಿನ ಭಾರಗಳೇ ಹೊರತು ಶಿಕ್ಷಕನ ಮೇಲಿನವಲ್ಲ. ಶಿಕ್ಷಕನಿಗೆ ಉಳಿಯುವುದು ಸತ್ಯವನ್ನು ನುಡಿಯುವ ಭಾರವೊಂದೇ. ಅದನ್ನು ಹೊರಲಾರದವನಿಂದ ಮಕ್ಕಳು ಓಟವನ್ನು ಕಲಿಯಬಹುದು, ಮತ್ತೇನನ್ನು ಕಲಿಯುವರೆಂಬುದನ್ನು ಹೇಳಬೇಕಾಗಿಲ್ಲ. ಇನ್ನು ಅವನ ಜೀವನೋಪಾಯದ ಮಾತು. ಯಾರಿಗೂ ಅನ್ನ ತಪ್ಪಬಾರದೆಂಬುದು ನಿಜ. ಆದರೆ ಅನ್ನಕ್ಕೆ ಹಲವು ದಾರಿಗಳುಂಟು. ಬೇರೆಯವರ ಮಕ್ಕಳ ಮೇಲಿನ ಅಧಿಕಾರವು ಯಾರ ಹಕ್ಕೂ ಅಲ್ಲ, ಅದು ತಂದೆತಾಯಿಗಳು ನಂಬಿ ಇಟ್ಟ ನಿಕ್ಷೇಪ.

ಹಿರೇಹಳ್ಳಿಯಂಥ ಊರುಗಳಿಂದಲೂ ಇಂದು ಹುಡುಗರು ಹುಡುಗಿಯರು ಆಟದ ವಿದ್ಯೆಗಾಗಿ ಪಟ್ಟಣಗಳಿಗೆ ಹೋಗುತ್ತಿದ್ದಾರೆ. ಕಳುಹಿಸುವ ತಂದೆತಾಯಿಗಳು ವಸತಿನಿಲಯದ ಊಟವನ್ನು ವಿಚಾರಿಸುತ್ತಾರೆ, ಕೋಣೆಯನ್ನು ನೋಡುತ್ತಾರೆ, ಶಿಕ್ಷಕನು ಎಷ್ಟು ಪದಕಗಳನ್ನು ಗೆಲ್ಲಿಸಿದ್ದಾನೆಂದು ಕೇಳುತ್ತಾರೆ. ಅವನು ಹಿಂದೆ ಎಲ್ಲಿದ್ದನು, ಏಕೆ ಬಿಟ್ಟನು, ಏಕೆ ಮರಳಿ ಬಂದನು ಎಂಬುದನ್ನೂ ಕೇಳುವುದು ಅವರ ಹಕ್ಕು. ಕೇಳಿದವರಿಗೆ ಒಂದು ಕಾಗದವನ್ನು ಕೈಗಿತ್ತು ಉತ್ತರ ಹೇಳಬಲ್ಲ ಸಂಸ್ಥೆಯು ತಾನು ತೆಗೆದ ಗುರುವನ್ನು ಕರೆದುಕೊಂಡರೂ ಆಕ್ಷೇಪವಿರಲಾರದು. ಉತ್ತರವನ್ನು ಕೊಡಲಾರದ ಸಂಸ್ಥೆಯು ಅವನನ್ನು ಕರೆಯಬಾರದು. ಮತ್ತೊಬ್ಬನನ್ನು ನೇಮಿಸುವ ಮೊದಲೂ ತನ್ನ ಪದ್ಧತಿಯನ್ನು ತಿದ್ದಿಕೊಳ್ಳುವುದು ಒಳ್ಳೆಯದು.